‘ಬಾಯಿಗೆ ರುಚಿಯಾದದ್ದು ಮಾಡಿಕೊಡಿ’ ಅಂದರೆ ಏನರ್ಥ ಡಾಕ್ಟ್ರೇ?

ನಮ್ಮ ಕಡೆ ಕ್ಯಾನ್ಸರ್ ರೋಗಿಯ ಮನೆಯವರಿಗೆ ಡಾಕ್ಟರು ಹೇಳುವ ಕೊನೆಯ ಮಾತು ಒಂದಿದೆ. ‘ಮನೆಗೆ ಕರ್ಕೊಂಡು ಹೋಗಿ, ಬಾಯಿಗೆ ರುಚಿಯಾದದ್ದು ಮಾಡಿಕೊಡಿ.’ ಚನ್ನರಾಯಪಟ್ಟಣದಿಂದ ಅರಕಲಗೂಡಿನವರೆಗೆ ಯಾವ ಹಳ್ಳಿಯಲ್ಲಿ ಕೇಳಿದರೂ ಈ ಮಾತಿನ ಅರ್ಥ ಗೊತ್ತು. ಇದನ್ನು ಕೇಳಿಸಿಕೊಂಡ ಮಗ ಕಾರಿಡಾರಿನ ಮೂಲೆಗೆ ಹೋಗಿ ಅಳುತ್ತಾನೆ. ಮುಖ ತೊಳೆದುಕೊಂಡು ವಾರ್ಡಿಗೆ ಬರುತ್ತಾನೆ. ‘ಏನಂದ್ರಪ್ಪ ಡಾಕ್ಟ್ರು?’ ಎಂದು ಕೇಳಿದ ಅಪ್ಪನಿಗೆ ‘ಏನಿಲ್ಲ ಕಣಪ್ಪೋ, ಹುಷಾರಾಯ್ತಂತೆ, ಮನೆಗೋಗ್ಬೌದಂತೆ’ ಎನ್ನುತ್ತಾನೆ.

ಅಪ್ಪನಿಗೆ ವಿಷಯ ಗೊತ್ತಾಗುವುದು ಮನೆಗೆ ಬಂದ ಮೇಲೆ. ಐದು ವರ್ಷದಿಂದ ಮಾತು ಬಿಟ್ಟಿದ್ದ ತಮ್ಮ ಸೇಬಿನ ಕವರ್ ಹಿಡಿದು ಬಾಗಿಲಲ್ಲಿ ನಿಂತಾಗ. ಬೆಂಗಳೂರಿನ ಮಗಳು ಹಬ್ಬವೂ ಇಲ್ಲ, ರಜೆಯೂ ಇಲ್ಲದ ದಿನ ಬಂದು ಉಳಿದುಕೊಂಡಾಗ. ಯಾರೂ ಕೇಳದೆ ಇದ್ದಕ್ಕಿದ್ದಂತೆ ಮನೆಯಲ್ಲಿ ನಾಟಿಕೋಳಿ ಸಾರು ಕುದಿಯುವಾಗ. ಊರಿಗೆಲ್ಲ ಗೊತ್ತಿರುವ ಸುದ್ದಿ ಅವನೊಬ್ಬನಿಗೆ ಗೊತ್ತಿಲ್ಲ ಎಂದು ಎಲ್ಲರೂ ನಟಿಸುತ್ತಾರೆ. ಅವನೂ ಗೊತ್ತಿಲ್ಲದವನ ಹಾಗೆ ನಟಿಸುತ್ತಾನೆ. ಹೀಗೆ ನಟಿಸುತ್ತಲೇ ಸಾಯುತ್ತಾನೆ.

ಇದನ್ನು ನಾವು ಕರುಣೆ ಎನ್ನುತ್ತೇವೆ. ನಾನು ಇದನ್ನು ಕಳ್ಳತನ ಎನ್ನುತ್ತೇನೆ. ಒಬ್ಬ ಮನುಷ್ಯನ ಬಳಿ ಉಳಿದಿರುವುದು ಕೆಲವೇ ತಿಂಗಳು. ಆ ತಿಂಗಳುಗಳನ್ನು ಹೇಗೆ ಕಳೆಯಬೇಕು ಎಂದು ತೀರ್ಮಾನಿಸುವ ಹಕ್ಕನ್ನು ಅವನಿಂದ ಕಿತ್ತುಕೊಂಡು ಉಳಿದವರು ಹಂಚಿಕೊಳ್ಳುತ್ತಾರೆ. ಇದರಲ್ಲಿ ಮೊದಲ ಪಾಲು ಮನೆಯವರದಲ್ಲ, ಡಾಕ್ಟರದು. ಏಕೆಂದರೆ ಸ್ಕ್ಯಾನ್ ನೋಡಿದವರು ಅವರು. ಯಾರಿಗೆ ಹೇಳಬೇಕು, ಯಾವ ಭಾಷೆಯಲ್ಲಿ ಹೇಳಬೇಕು ಎಂದು ಆರಿಸಿಕೊಂಡವರೂ ಅವರೇ.

ಔಷಧಿಯ ಹೆಸರು ಅಂದುಕೊಂಡಿದ್ದರು

ಶ್ರವಣಬೆಳಗೊಳ ಹೋಬಳಿಯ ಒಂದು ಊರು. ಹೆಸರು ಬೇಡ. ಆಸ್ಪತ್ರೆಯ ಹೆಸರೂ ಬೇಡ, ಯಾಕೆಂದರೆ ಈ ಕತೆ ಒಂದೇ ಆಸ್ಪತ್ರೆಯದಲ್ಲ. ತೆಂಗಿನ ತೋಟ ನೋಡಿಕೊಂಡಿದ್ದ, ಐವತ್ತು ದಾಟಿದ ಒಬ್ಬರು ಅನ್ನನಾಳದ ಕ್ಯಾನ್ಸರಿನಿಂದ ತೀರಿಕೊಂಡರು. ಅವರ ಹೆಂಡತಿ ಸಹಾಯಧನದ ಅರ್ಜಿ ತುಂಬಿಸಲು ಆಸ್ಪತ್ರೆಯ ಫೈಲನ್ನು ನನ್ನ ಕೈಗೆ ಕೊಟ್ಟರು. ತಾಲ್ಲೂಕು ವರದಿಗಾರನಿಗೆ ಸುದ್ದಿಗಿಂತ ಇಂಥ ಅರ್ಜಿಯ ಕೆಲಸವೇ ಹೆಚ್ಚು.

ಫೈಲಿನಲ್ಲಿ ಮೊದಲ ದಿನದಿಂದ ಕೊನೆಯ ದಿನದವರೆಗೆ ಎಲ್ಲವೂ ಇಂಗ್ಲಿಷಿನಲ್ಲಿತ್ತು. ಎರಡನೇ ಭೇಟಿಯ ಹಾಳೆಯಲ್ಲೇ ಚಿಕಿತ್ಸೆಯ ಉದ್ದೇಶ ‘ಪ್ಯಾಲಿಯೇಟಿವ್’ ಎಂದು ಬರೆದಿತ್ತು. ಅಂದರೆ ಕಾಯಿಲೆ ವಾಸಿ ಮಾಡುವ ಚಿಕಿತ್ಸೆ ಇದಲ್ಲ, ಸಂಕಟ ಕಡಿಮೆ ಮಾಡಿ, ಸಾಧ್ಯವಾದರೆ ಒಂದಷ್ಟು ದಿನ ಮುಂದೂಡುವ ಚಿಕಿತ್ಸೆ. ಅಲ್ಲಿಂದ ಅವರು ತೀರಿಕೊಳ್ಳುವವರೆಗೆ ಎಂಟು ತಿಂಗಳು.

‘ಈ ಪದ ನಿಮಗೆ ಯಾರಾದ್ರೂ ಬಿಡಿಸಿ ಹೇಳಿದ್ರಾ ಅಕ್ಕ?’ ಎಂದು ಕೇಳಿದೆ.

‘ಹೇಳಿದ್ರಲ್ಲ. ಇನ್ಮೇಲೆ ಪ್ಯಾಲಿಯೇಟಿವ್ ಕೀಮೋ ಕೊಡ್ತೀವಿ ಅಂದ್ರು. ಹಳೇದು ಹಿಡೀಲಿಲ್ಲ, ಇದು ಅದಕ್ಕಿಂತ ಜೋರಾದ ಔಷಧಿ ಅಂದ್ಕಂಡ್ವಿ. ಅದು ಔಷಧಿ ಹೆಸ್ರಲ್ವಾ?’

ಆ ‘ಜೋರಾದ ಔಷಧಿ’ಗಾಗಿ ಅವರು ಮೂರು ವಾರಕ್ಕೊಮ್ಮೆ ಓಡಾಡಿದ್ದಾರೆ. ಆಯುಷ್ಮಾನ್ ಕಾರ್ಡಿತ್ತು. ಕಾರ್ಡಿನಲ್ಲಿ ಬಾರದ ಖರ್ಚೂ ಇತ್ತು: ಬಾಡಿಗೆ ಕಾರು, ಹೊರಗಿನ ಸ್ಕ್ಯಾನು, ಜೊತೆಗೆ ಹೋದ ಮಗನ ಕೂಲಿ ನಷ್ಟ. ಸರ ಅಡವಿಟ್ಟಿದ್ದಾರೆ. ಅರ್ಥ ಹೇಳಿದ ಮೇಲೆ ಆಕೆ ದುಡ್ಡಿನ ಮಾತು ಎತ್ತಲಿಲ್ಲ. ‘ಗೊತ್ತಿದ್ದಿದ್ರೆ ಮಗಳ ಮದುವೆನ ಮಾಘದಲ್ಲೇ ಮಾಡ್ಬುಡ್ತಿದ್ವಿ. ಇವ್ರ ಕೈಯಲ್ಲಿ ಧಾರೆ ಎರೆಸ್ತಿದ್ವಿ. ಹುಷಾರಾಗ್ಲಿ, ಆಮೇಲ್ ಮಾಡನ ಅಂತ ಮುಂದಕ್ಕಾಕಿದ್ವಿ’ ಎಂದರು.

ಪ್ಯಾಲಿಯೇಟಿವ್ ಕೀಮೋ ಮೋಸ ಎಂದು ನಾನು ಹೇಳುತ್ತಿಲ್ಲ. ಅನ್ನನಾಳ ಕಟ್ಟಿಕೊಂಡವರಿಗೆ ಅದರಿಂದ ಒಂದು ಲೋಟ ಗಂಜಿ ಇಳಿಯುವಂತಾದರೆ ಅದು ದೊಡ್ಡ ಉಪಕಾರ. ಕೆಲವರಿಗೆ ತಿಂಗಳುಗಳೂ ಸಿಗುತ್ತವೆ. ಎಲ್ಲ ತಿಳಿದೂ ಆ ಮನೆಯವರು ಅದೇ ಚಿಕಿತ್ಸೆಯನ್ನು ಆರಿಸಿಕೊಳ್ಳಬಹುದಿತ್ತು. ಆದರೆ ಆರಿಸಿಕೊಳ್ಳುವವರಿಗೆ ಎದುರಿಗಿರುವುದು ಏನು ಎಂದು ಗೊತ್ತಿರಬೇಕು. ಗೊತ್ತಿಲ್ಲದೆ ಹಾಕಿಸಿದ ಸಹಿ ಒಪ್ಪಿಗೆಯಲ್ಲ, ಬರೀ ಶಾಯಿ.

ಇದು ಓದು ಬರಹ ಬಾರದವರ ಸಮಸ್ಯೆ ಎಂದು ಡಾಕ್ಟರು ಕೈ ತೊಳೆದುಕೊಳ್ಳುವ ಹಾಗೂ ಇಲ್ಲ. ಅಮೆರಿಕದಲ್ಲಿ ದೇಹದ ಬೇರೆ ಭಾಗಕ್ಕೆ ಹರಡಿದ ಶ್ವಾಸಕೋಶ ಮತ್ತು ದೊಡ್ಡ ಕರುಳಿನ ಕ್ಯಾನ್ಸರ್ ಇದ್ದು ಕೀಮೋ ತೆಗೆದುಕೊಂಡವರನ್ನು ಕೇಳಿ ನಡೆಸಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಶ್ವಾಸಕೋಶದ ಕ್ಯಾನ್ಸರಿನವರಲ್ಲಿ ಶೇ 69, ಕರುಳಿನ ಕ್ಯಾನ್ಸರಿನವರಲ್ಲಿ ಶೇ 81 ಮಂದಿಗೆ ಆ ಕೀಮೋದಿಂದ ಕಾಯಿಲೆ ವಾಸಿಯಾಗುವ ಸಂಭವ ಇಲ್ಲ ಎಂಬುದು ಅರ್ಥವೇ ಆಗಿರಲಿಲ್ಲ. ಇಂಗ್ಲಿಷಿನಲ್ಲೇ ಹುಟ್ಟಿ ಬೆಳೆದವರ ಗತಿ ಇದು. ಇಂಗ್ಲಿಷ್ ಹಾಳೆ ಹಿಡಿದು ನಿಂತ ನಮ್ಮ ಹಳ್ಳಿಯವರ ಗತಿ ಏನು?

ಕಾರಿಡಾರಿನ ಕಾನೂನು

ಡಾಕ್ಟರು ರೋಗಿಯನ್ನು ಹೊರಗೆ ಕಳಿಸಿ ಮಗನನ್ನು ಒಳಗೆ ಕರೆಯುವುದು ನಮಗೆ ಎಷ್ಟು ಸಹಜವಾಗಿದೆಯೆಂದರೆ, ಅದಕ್ಕೂ ನಿಯಮವಿದೆ ಎಂಬುದೇ ಮರೆತುಹೋಗಿದೆ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಡವಳಿಕೆಯ ನಿಯಮಗಳಲ್ಲಿ ಇದಕ್ಕೊಂದು ಅಂಶವಿದೆ. ರೋಗದ ಗಂಭೀರತೆಯನ್ನು ವೈದ್ಯರು ಹಿಗ್ಗಿಸಿಯೂ ಹೇಳಬಾರದು, ಕುಗ್ಗಿಸಿಯೂ ಹೇಳಬಾರದು. ರೋಗಿಗೆ, ಸಂಬಂಧಿಕರಿಗೆ ಅಥವಾ ಜವಾಬ್ದಾರಿಯುತ ಸ್ನೇಹಿತರಿಗೆ ಸ್ಥಿತಿಯ ಬಗ್ಗೆ ಅಗತ್ಯದಷ್ಟು ತಿಳಿವಳಿಕೆ ಇರುವಂತೆ ನೋಡಿಕೊಳ್ಳಬೇಕು. ರೋಗಿಯ ಹೆಸರು ಇಲ್ಲಿ ಮೊದಲು ಬರುತ್ತದೆ. ಆದರೆ ನಡುವೆ ‘ಅಥವಾ’ ಇದೆ. ನಮ್ಮ ಆಸ್ಪತ್ರೆಗಳು ಆ ಒಂದು ‘ಅಥವಾ’ದ ಹಿಂದೆ ಅಡಗಿ ಕೂತಿವೆ.

ಸುಪ್ರೀಂ ಕೋರ್ಟ್ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿತು: ಬುದ್ಧಿ ಸ್ಥಿಮಿತದಲ್ಲಿರುವ ವಯಸ್ಕ ರೋಗಿಯ ಚಿಕಿತ್ಸೆಗೆ ಒಪ್ಪಿಗೆ ಕೊಡಬೇಕಾದವರು ರೋಗಿಯೇ. ತುರ್ತು ಸಂದರ್ಭ ಬಿಟ್ಟರೆ ಅವರ ಪರವಾಗಿ ಬೇರೆಯವರು ಒಪ್ಪುವಂತಿಲ್ಲ. ಚಿಕಿತ್ಸೆಯ ಸ್ವರೂಪ, ಉದ್ದೇಶ, ಅಪಾಯ, ಬೇರೆ ದಾರಿ, ಏನೂ ಮಾಡದಿದ್ದರೆ ಏನಾಗುತ್ತದೆ ಎಂಬುದನ್ನು ತಿಳಿಸಿದ ಮೇಲೆ ಕೊಟ್ಟದ್ದು ಮಾತ್ರ ಒಪ್ಪಿಗೆ. ಆ ಪ್ರಕರಣ ಕ್ಯಾನ್ಸರಿನದಲ್ಲ. ಒಬ್ಬ ಹೆಣ್ಣುಮಗಳಿಗೆ ಅರಿವಳಿಕೆ ಕೊಟ್ಟು ಮಲಗಿಸಿದ್ದಾಗ ಆಕೆಯ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದ ಪ್ರಕರಣ. ನಮ್ಮ ವಾರ್ಡುಗಳಲ್ಲಿ ರೋಗಿಗಳು ಎಚ್ಚರವಾಗಿಯೇ ಇರುತ್ತಾರೆ. ಆದರೂ ಅವರನ್ನು ಅರಿವಳಿಕೆ ಕೊಟ್ಟವರಂತೆ ನಡೆಸಿಕೊಳ್ಳುತ್ತೇವೆ.

ಹೆಂಗಸರ ಪಾಡು ಇನ್ನೂ ಕೆಟ್ಟದ್ದು. ಗಂಡಸು ರೋಗಿಯಾದರೆ ‘ಯಜಮಾನ್ರೇ, ಒಂಚೂರು ಸೀರಿಯಸ್ಸಿದೆ’ ಎಂದಾದರೂ ಹೇಳುತ್ತಾರೆ. ಹೆಂಗಸಾದರೆ ಗಂಡನಿಗೆ, ಗಂಡನಿಲ್ಲದಿದ್ದರೆ ಮಗನಿಗೆ, ಮಗನಿಲ್ಲದಿದ್ದರೆ ಅಳಿಯನಿಗೆ. ಆಕೆಯ ಗರ್ಭಕೋಶದ, ಆಕೆಯ ಮೊಲೆಯ ಸುದ್ದಿ ಆಕೆಯ ಕಿವಿಗೆ ಬರುವಷ್ಟರಲ್ಲಿ ಇಡೀ ಗಂಡಸರ ಸಾಲು ದಾಟಿ ಬರಬೇಕು. ಎಷ್ಟೋ ಸಲ ಬರುವುದೇ ಇಲ್ಲ.

ಚಿಕ್ಕಬೆಟ್ಟದಲ್ಲಿ ಬರೆದಿರುವುದು

ಇದೆಲ್ಲ ಪಾಶ್ಚಾತ್ಯರ ಹುಚ್ಚು, ರೋಗಿಗೆ ಸಾವಿನ ಮಾತು ಹೇಳುವುದು ನಮ್ಮ ಸಂಸ್ಕೃತಿಯಲ್ಲ ಎನ್ನುವವರನ್ನು ನಾನು ಶ್ರವಣಬೆಳಗೊಳಕ್ಕೆ ಕರೆಯುತ್ತೇನೆ. ಗೊಮ್ಮಟನನ್ನು ನೋಡಲು ದೊಡ್ಡಬೆಟ್ಟ ಹತ್ತಿ, ಫೋಟೊ ತೆಗೆಸಿಕೊಂಡು ಬಸ್ಸು ಹತ್ತುವವರು ಎದುರಿನ ಚಿಕ್ಕಬೆಟ್ಟಕ್ಕೆ ಹೋಗುವುದು ಕಡಿಮೆ. ಚಂದ್ರಗಿರಿ ಎಂದು ಕರೆಯುವ ಆ ಬೆಟ್ಟದ ಬಂಡೆಗಳ ಮೇಲೆ 7ನೇ ಶತಮಾನದಿಂದ ಬರೆದ ಶಾಸನಗಳಿವೆ. ಬಿ.ಎಲ್. ರೈಸ್ 1889ರಲ್ಲಿ ಶ್ರವಣಬೆಳಗೊಳದ ಶಾಸನಗಳ ಸಂಪುಟ ತಂದರು. ಆರ್. ನರಸಿಂಹಾಚಾರ್ಯರು 1923ರಲ್ಲಿ ಅದನ್ನು ಪರಿಷ್ಕರಿಸಿದಾಗ ಸಂಖ್ಯೆ ಐನೂರರಷ್ಟಾಗಿತ್ತು. ಅವುಗಳಲ್ಲಿ ಎಷ್ಟೋ ಶಾಸನಗಳು ಹೇಳುವುದು ಒಂದೇ ಸಂಗತಿ: ಇಂಥವರು, ಇಲ್ಲಿ, ತಿಳಿದೂ ತಿಳಿದೂ ಸಾವನ್ನು ಎದುರುಗೊಂಡರು. ಅವರಲ್ಲಿ ಮುನಿಗಳಿದ್ದಾರೆ, ಕಂತಿಯರಿದ್ದಾರೆ, ರಾಜರಿದ್ದಾರೆ. ಶಾಂತಲೆಯ ತಾಯಿ ಮಾಚಿಕಬ್ಬೆ ಇದ್ದಾಳೆ. ಇತಿಹಾಸಕಾರ ಷ. ಶೆಟ್ಟರ್ ಈ ಬೆಟ್ಟದ ಸಾವುಗಳ ಬಗ್ಗೆ ಪುಸ್ತಕಗಳನ್ನೇ ಬರೆದಿದ್ದಾರೆ.

ಸಲ್ಲೇಖನ ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. 2015ರ ಆಗಸ್ಟಿನಲ್ಲಿ ರಾಜಸ್ಥಾನ ಹೈಕೋರ್ಟ್ ಅದನ್ನು ಆತ್ಮಹತ್ಯೆಗೆ ಸಮ ಎಂದಿತು, ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಕ್ಯಾನ್ಸರ್ ರೋಗಿಗಳು ಊಟ ಬಿಡಬೇಕು ಎಂದೂ ನಾನು ಹೇಳುತ್ತಿಲ್ಲ. ಯಾರಾದರೂ ಹಾಗೆ ಓದಿಕೊಂಡರೆ ಅದು ಈ ಲೇಖನಕ್ಕೆ ಮಾಡುವ ಅನ್ಯಾಯ. ನಾನು ಹೇಳುತ್ತಿರುವುದು ಅದಕ್ಕೂ ಹಿಂದಿನ ಹೆಜ್ಜೆಯ ಬಗ್ಗೆ.

ಸಮಂತಭದ್ರ ಆಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ ಸಲ್ಲೇಖನಕ್ಕೆ ನಾಲ್ಕು ಸಂದರ್ಭ ಹೇಳುತ್ತದೆ: ಉಪಸರ್ಗ, ಬರಗಾಲ, ಮುಪ್ಪು, ರೋಗ. ನಾಲ್ಕಕ್ಕೂ ಒಂದೇ ಷರತ್ತು, ಅದು ನಿಷ್ಪ್ರತೀಕಾರ ಆಗಿರಬೇಕು. ಅಂದರೆ ಪರಿಹಾರವೇ ಇಲ್ಲದ್ದಾಗಿರಬೇಕು. ಈ ಷರತ್ತನ್ನು ಸ್ವಲ್ಪ ಯೋಚಿಸಿ ನೋಡಿ. ರೋಗಕ್ಕೆ ಪರಿಹಾರವಿಲ್ಲ ಎಂಬುದು ರೋಗಿಗೇ ಗೊತ್ತಾಗಬೇಕು. ಅವನ ಮಗನಿಗೆ ಗೊತ್ತಾದರೆ ಸಾಲದು. ಆಮೇಲೆ ಅವನು ಬಂಧುಗಳಲ್ಲಿ, ಕೆಲಸದವರಲ್ಲಿ ಕ್ಷಮೆ ಕೇಳಬೇಕು, ತಾನೂ ಅವರನ್ನು ಕ್ಷಮಿಸಬೇಕು, ಹಗೆ ಬಿಡಬೇಕು, ಮಾಡಿದ ತಪ್ಪುಗಳನ್ನು ಹೇಳಿಕೊಳ್ಳಬೇಕು. ಇವನ್ನೆಲ್ಲ ಮಾಡಲು ಅವನಿಗೆ ಎಚ್ಚರವೂ ಬೇಕು, ಸಮಯವೂ ಬೇಕು.

ಜೈನರಲ್ಲದವರಿಗೂ ಅಂಥ ಪಟ್ಟಿ ಇದ್ದೇ ಇದೆ. ಖಾತೆ ಬದಲಾವಣೆ ಆಗಬೇಕು. ಹೆಣ್ಣುಮಕ್ಕಳ ಪಾಲಿನ ಮಾತು ಮುಗಿಯಬೇಕು. ಕೈಸಾಲ ಯಾರಿಗೆ ಎಷ್ಟು ಎಂದು ಹೇಳಬೇಕು, ಯಾಕೆಂದರೆ ಅದು ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ. ಮನೆದೇವರಿಗೆ ಒಮ್ಮೆ ಹೋಗಬೇಕು, ಧರ್ಮಸ್ಥಳದ ಹರಕೆ ತೀರಿಸಬೇಕು, ದರ್ಗಾದಲ್ಲಿ ಚಾದರ ಹೊದಿಸಬೇಕು. ಬದುವಿನ ಜಗಳದಲ್ಲಿ ಮಾತು ಬಿಟ್ಟ ತಮ್ಮನ ಜೊತೆ ಒಂದು ಲೋಟ ಕಾಫಿ ಕುಡಿಯಬೇಕು. ಸಾವಿರದ ಮುನ್ನೂರು ವರ್ಷದ ಹಿಂದೆ ಈ ನೆಲದಲ್ಲಿ ಸಾವಿನ ಸುದ್ದಿಯನ್ನು ತಡೆದುಕೊಳ್ಳುವ ಶಕ್ತಿ ಜನರಿಗಿತ್ತು. ಇವತ್ತು ಅದೇ ನೆಲದ ರೈತನಿಗೆ, ಬರ ಕಂಡವನಿಗೆ, ಕೊಬ್ಬರಿ ಬೆಲೆ ಬಿದ್ದಾಗಲೂ ನಿಂತವನಿಗೆ, ತನ್ನ ಹೊಟ್ಟೆಯ ಗಡ್ಡೆಯ ಸುದ್ದಿ ತಡೆದುಕೊಳ್ಳುವ ಶಕ್ತಿ ಇಲ್ಲ ಎಂದು ಯಾರು ತೀರ್ಮಾನಿಸಿದರು?

‘ಎದೆ ಒಡ್ಕಂಡು ಸಾಯ್ತಾರೆ’

ಇನ್ನು ಎದುರು ವಾದಗಳು. ಮೊದಲನೆಯದು ‘ಹೇಳಿಬಿಟ್ರೆ ಎದೆ ಒಡ್ಕಂಡು ಸಾಯ್ತಾರೆ, ಇರೋ ನಾಲ್ಕು ದಿನನೂ ಹೋಗುತ್ತೆ’. ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ನಡೆಸಿದ ಒಂದು ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದಕ್ಕೆ ಆ ಚಿಕಿತ್ಸೆಯ ಜೊತೆಗೆ ಮೊದಲಿನಿಂದಲೇ ಉಪಶಾಮಕ ಆರೈಕೆ. ಅಂದರೆ ನೋವು, ಉಸಿರಾಟದ ಕಷ್ಟ, ಮನಸ್ಸಿನ ಕಷ್ಟ ಎಲ್ಲವನ್ನೂ ನೋಡಿಕೊಂಡು, ಮುಂದೇನು ಎಂದು ಕೂತು ಮಾತಾಡುವ ಆರೈಕೆ. ಎರಡನೇ ಗುಂಪಿನಲ್ಲಿ ಖಿನ್ನತೆ ಕಡಿಮೆ ಇತ್ತು, ಕೊನೆಗಾಲದ ಉಗ್ರ ಚಿಕಿತ್ಸೆ ಕಡಿಮೆ ಇತ್ತು. ಆದರೂ ಅವರೇ ಹೆಚ್ಚು ದಿನ ಬದುಕಿದರು: ಮಧ್ಯಮ ಲೆಕ್ಕದಲ್ಲಿ 11.6 ತಿಂಗಳು, ಇನ್ನೊಂದು ಗುಂಪಿನವರು 8.9 ತಿಂಗಳು. ಅದು ಒಂದು ಊರಿನ, ಒಂದು ಬಗೆಯ ಕ್ಯಾನ್ಸರಿನ ಲೆಕ್ಕ, ನಿಜ. ಆದರೆ ಮುಂದಿನದನ್ನು ಮಾತಾಡಿದರೆ ರೋಗಿ ಬೇಗ ಸಾಯುತ್ತಾನೆ ಎನ್ನುವವರ ಕೈಯಲ್ಲಿ ಅಷ್ಟು ಲೆಕ್ಕವೂ ಇಲ್ಲ.

ಎರಡನೆಯದು ‘ಮನೆಯವರೇ ಹೇಳಬೇಡಿ ಅಂತಾರೆ, ನಾವೇನು ಮಾಡೋಣ?’ ಮನೆಯವರು ಹೇಳುತ್ತಾರೆ, ನಿಜ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಮನೆಯವರು ಕೇಳಿದ್ದನ್ನೆಲ್ಲ ಡಾಕ್ಟರು ಮಾಡುತ್ತಾರಾ? ಸುಮ್ಮನೆ ಒಂದು ಗ್ಲೂಕೋಸ್ ಹಾಕಿ ಎಂದರೆ ಒಳ್ಳೆಯ ಡಾಕ್ಟರು ಬೈದು ಕಳಿಸುತ್ತಾರೆ. ಇಲ್ಲಿ ಮಾತ್ರ ಯಾಕೆ ಅಷ್ಟು ವಿಧೇಯತೆ? ಅಹಿತಕರ ಮಾತು ತಪ್ಪಿದರೆ ಸಾಕು ಎಂಬ ಆಸೆ ಮನೆಯವರಷ್ಟೇ ಡಾಕ್ಟರಿಗೂ ಇರುತ್ತದೆ ಎಂಬುದು ನನ್ನ ಅನುಮಾನ.

ಮೂರನೆಯದು ‘ಕೆಲವರಿಗೆ ತಿಳಿದುಕೊಳ್ಳುವುದೇ ಬೇಡ’. ಒಪ್ಪುತ್ತೇನೆ. ಬೇಡ ಎನ್ನುವುದೂ ಅವರ ಹಕ್ಕು. ಹಾಗಾದರೆ ಕೇಳಿ. ‘ನಿಮ್ಮ ಕಾಯಿಲೆ ಬಗ್ಗೆ ಎಲ್ಲಾ ನಿಮಗೇ ಹೇಳ್ಲಾ, ಇಲ್ಲಾ ಮನೇಲಿ ಯಾರಿಗಾದ್ರೂ ಹೇಳಿದ್ರೆ ಸಾಕಾ?’ ಇಷ್ಟೇ ಪ್ರಶ್ನೆ. ರೋಗಿ ‘ನನ್ ಮಗಳಿಗೆ ಹೇಳಿ ಸ್ವಾಮಿ, ನಂಗ್ಯಾಕೆ’ ಎಂದರೆ ಮಗಳಿಗೆ ಹೇಳಿ. ಆಗ ಅದು ರೋಗಿಯ ತೀರ್ಮಾನ. ಈ ಪ್ರಶ್ನೆಯನ್ನೇ ಕೇಳದೆ ‘ಅವರಿಗೆ ಬೇಡ’ ಎಂದು ಬೇರೆಯವರು ಹೇಳುವುದು ಬೇರೆ.

ನಾಲ್ಕನೆಯದು ‘ಟೈಮಿಲ್ಲ’. ಈ ವಾದಕ್ಕೆ ನನಗೆ ಗೌರವವಿದೆ. ಬೆಂಗಳೂರಿನ ಕಿದ್ವಾಯಿಗೆ ನಮ್ಮ ಜಿಲ್ಲೆಯಿಂದ ಹಿಡಿದು ಪಕ್ಕದ ರಾಜ್ಯಗಳವರೆಗಿನ ಬಡವರು ಬರುತ್ತಾರೆ. ಒಬ್ಬ ಡಾಕ್ಟರ ಮುಂದೆ ಇರುವ ಸಾಲು ನೋಡಿದರೆ ಅಯ್ಯೋ ಅನಿಸುತ್ತದೆ. ಆದರೆ ‘ಈ ಔಷಧಿ ಕಾಯಿಲೆನ ಪೂರ್ತಿ ವಾಸಿ ಮಾಡಲ್ಲ. ಸಂಕಟ ಕಡಿಮೆ ಮಾಡುತ್ತೆ. ಮುಂದಿನ ಸಲ ಬರುವಾಗ ಏನೇನು ಕೇಳಬೇಕೋ ಯೋಚಿಸಿಕೊಂಡು ಬನ್ನಿ’ ಎನ್ನಲು ಅರ್ಧ ನಿಮಿಷ ಸಾಕು. ಉಳಿದ ಮಾತನ್ನು ತರಬೇತಾದ ನರ್ಸ್ ಅಥವಾ ಆಪ್ತ ಸಮಾಲೋಚಕರು ಕೂತು ಆಡಬಹುದು. ಅವರನ್ನು ನೇಮಿಸುವುದು ಸರ್ಕಾರದ ಕೆಲಸ. 2019ರಿಂದ ಎಂಬಿಬಿಎಸ್ ಪಠ್ಯದಲ್ಲಿ ನಡವಳಿಕೆ, ನೀತಿ, ಸಂವಹನಕ್ಕೆಂದೇ ಪ್ರತ್ಯೇಕ ಪಾಠಗಳಿವೆ. ಆ ಪಾಠ ನಡೆಯುವುದು ಇಂಗ್ಲಿಷಿನಲ್ಲಿ, ರೋಗಿ ಕೇಳುವುದು ಕನ್ನಡದಲ್ಲಿ. ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆ 2024ರಲ್ಲಿ ಔಷಧಿ ಚೀಟಿ ಕನ್ನಡದಲ್ಲಿರಲಿ ಎಂದಾಗ ಅನೇಕರು ನಕ್ಕರು. ಮಾತ್ರೆಯ ಹೆಸರು ಇಂಗ್ಲಿಷಿನಲ್ಲೇ ಇರಲಿ, ನನ್ನ ತಕರಾರಿಲ್ಲ. ‘ವಾಸಿಯಾಗುವುದಿಲ್ಲ’ ಎಂಬುದಾದರೂ ಕನ್ನಡದಲ್ಲಿರಬೇಡವೇ?

ದೇವರ ಕೈಯಲ್ಲಿ, ಬಿಲ್ಲು ನಿಮ್ಮ ಕೈಯಲ್ಲಿ

ರೋಗಿಗಳು ಸಮಯದ ಬಗ್ಗೆ ಕೇಳುವುದೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ತಮ್ಮದೇ ಭಾಷೆಯಲ್ಲಿ ಕೇಳುತ್ತಾರೆ. ‘ಈ ಸಲ ರಾಗಿ ಕುಯ್ಲಿಗೆ ಇರ್ತೀನಾ ಸ್ವಾಮಿ?’ ‘ಮೊಮ್ಮಗನ ನಾಮಕರಣ ನೋಡ್ತೀನಾ?’ ಅದಕ್ಕೆ ಸಿಗುವ ಉತ್ತರ: ‘ಎಲ್ಲಾ ದೇವರ ಕೈಲಿದೆ.’ ನಿಖರವಾದ ದಿನ ಯಾರಿಗೂ ಗೊತ್ತಿಲ್ಲ, ಒಪ್ಪಿದೆ. ಆದರೆ ವರ್ಷಗಳ ಮಾತೋ, ತಿಂಗಳುಗಳ ಮಾತೋ, ವಾರಗಳ ಮಾತೋ ಎಂಬ ಅಂದಾಜು ಅನುಭವವಿರುವ ಡಾಕ್ಟರಿಗೆ ಇರುತ್ತದೆ. ‘ಯುಗಾದಿ ಕಳೆಯಬಹುದು, ದೀಪಾವಳಿ ಹೇಳಕ್ಕಾಗಲ್ಲ’ ಎಂದರೆ ಸಾಕು, ಆ ಮನೆ ಮಿಕ್ಕದ್ದನ್ನೆಲ್ಲ ತಾನೇ ಹೊಂದಿಸಿಕೊಳ್ಳುತ್ತದೆ. ಇನ್ನೊಂದು ಸ್ಕ್ಯಾನು, ಇನ್ನೊಂದು ಸುತ್ತು ಕೀಮೋ, ಇನ್ನೆರಡು ದಿನ ಐಸಿಯು ಎಂದು ಬರೆಯುವಾಗ ದೇವರ ಹೆಸರು ಬರುವುದಿಲ್ಲ. ನಿಜ ಹೇಳುವ ಸರದಿ ಬಂದಾಗ ಮಾತ್ರ ಬರುತ್ತದೆ.

ಈ ಮೌನಕ್ಕೆ ಇನ್ನೂ ಒಂದು ಬೆಲೆಯಿದೆ. ಅದು ನೋವು. ವಾಸಿಯಾಗುವುದಿಲ್ಲ ಎಂದು ಒಪ್ಪಿಕೊಳ್ಳದ ಕಡೆ ಉಪಶಾಮಕ ಆರೈಕೆಯ ಮಾತೂ ಹುಟ್ಟುವುದಿಲ್ಲ. ‘ಬಾಯಿಗೆ ರುಚಿಯಾದದ್ದು ಮಾಡಿಕೊಡಿ’ ಎಂದು ಕಳಿಸಿದ ರೋಗಿಗೆ ನೋವಿನ ಮಾತ್ರೆ ಎಲ್ಲಿ ಸಿಗುತ್ತದೆ, ವಾಂತಿಯಾದರೆ ಯಾರಿಗೆ ಫೋನ್ ಮಾಡಬೇಕು, ಹುಣ್ಣು ಕೊಳೆತರೆ ಹೇಗೆ ತೊಳೆಯಬೇಕು ಎಂದು ಯಾರು ಹೇಳಿದರು? ಕ್ಯಾನ್ಸರಿನ ತೀವ್ರ ನೋವಿಗೆ ಬಾಯಿಯ ಮೂಲಕ ಕೊಡುವ ಮಾರ್ಫಿನ್ ಬಳಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಹೇಳಿತ್ತು. 1985ರ ಮಾದಕವಸ್ತು ಕಾಯ್ದೆಯ ಭಯದಲ್ಲಿ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳಲು ಹಿಂಜರಿದವು. 2014ರಲ್ಲಿ ಕಾಯ್ದೆ ತಿದ್ದಿ, ಮಾನ್ಯತೆ ಪಡೆದ ಆಸ್ಪತ್ರೆಗಳಿಗೆ ದಾರಿ ಸುಲಭ ಮಾಡಿದರು. ಅದಾಗಿ ಹತ್ತು ವರ್ಷ ದಾಟಿದೆ. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಹೋಗಿ ‘ಮಾರ್ಫಿನ್ ಮಾತ್ರೆ ಇದೆಯಾ’ ಎಂದು ಒಮ್ಮೆ ಕೇಳಿ ನೋಡಿ. ಬರುವ ಉತ್ತರವನ್ನು ಬರೆದಿಟ್ಟುಕೊಳ್ಳಿ.

ಪಕ್ಕದ ಕೇರಳದಲ್ಲಿ 1993ರಲ್ಲಿ ಕೋಯಿಕ್ಕೋಡ್‌ನಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಗೆಳೆಯರು ಶುರು ಮಾಡಿದ ಕೆಲಸ ಹಳ್ಳಿಹಳ್ಳಿಗೆ ಹೋಯಿತು. 2008ರಲ್ಲಿ ಅಲ್ಲಿನ ಸರ್ಕಾರ ಉಪಶಾಮಕ ಆರೈಕೆಗೆ ನೀತಿಯನ್ನೇ ತಂದಿತು. ಪಂಚಾಯಿತಿಯ ನೆರವಿನಲ್ಲಿ ನರ್ಸ್ ಮನೆಗೆ ಬರುತ್ತಾರೆ, ಊರಿನ ಸ್ವಯಂಸೇವಕರು ಬರುತ್ತಾರೆ. ನಮ್ಮಲ್ಲಿ ಒಳ್ಳೆಯ ಕೆಲಸವೇ ಇಲ್ಲ ಎಂದಲ್ಲ. ಬೆಂಗಳೂರಿನ ಕರುಣಾಶ್ರಯ 1990ರ ದಶಕದಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಒಂದು ರೂಪಾಯಿ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದೆ. ಆದರೆ ಶ್ರವಣಬೆಳಗೊಳದಿಂದ ಬೆಂಗಳೂರು ಸುಮಾರು 150 ಕಿಲೋಮೀಟರ್. 2017ರಿಂದ ರೈಲಿದೆ, ಸರಿ. ಉಸಿರು ಕಟ್ಟುವ ರೋಗಿಯನ್ನು ರೈಲಿನಲ್ಲಿ ಕರೆದೊಯ್ಯುವುದು ಹೇಗೆ?

ಸರ್ಕಾರ 2024ರಲ್ಲಿ ಕೋಲಾರದಿಂದ ಶುರು ಮಾಡಿದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಬಿಪಿ, ಶುಗರ್ ಜೊತೆಗೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯೂ ಇದೆ. ಒಳ್ಳೆಯದು. ಕ್ಯಾನ್ಸರ್ ಹುಡುಕಲು ಮನೆ ಬಾಗಿಲಿಗೆ ಬರುವ ಸರ್ಕಾರ, ಅದು ವಾಸಿಯಾಗದು ಎಂದಾದ ಮೇಲೂ ಅದೇ ಬಾಗಿಲಿಗೆ ಬರಬೇಕು. ಆಯುಷ್ಮಾನ್ ಆರೋಗ್ಯ ಮಂದಿರಗಳ ಸೇವೆಗಳ ಪಟ್ಟಿಯಲ್ಲಿ ಉಪಶಾಮಕ ಆರೈಕೆಯ ಹೆಸರು ಈಗಾಗಲೇ ಇದೆ. ಪಟ್ಟಿಯಿಂದ ಮಂಚದ ತನಕ ಬರುವುದು ಬಾಕಿ.

ಇದರ ಜೊತೆಗೆ ಒಂದು ವಿಚಿತ್ರವೂ ಇದೆ. ಸುಪ್ರೀಂ ಕೋರ್ಟಿನ 2018ರ ತೀರ್ಪು, 2023ರ ತಿದ್ದುಪಡಿಯನ್ನು ಅನುಸರಿಸಿ ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಘನತೆಯಿಂದ ಸಾಯುವ ಹಕ್ಕಿನ ಬಗ್ಗೆ ಸುತ್ತೋಲೆ ಹೊರಡಿಸಿತು. ಮುಂದೆ ಮಾತಾಡಲಾಗದ ಸ್ಥಿತಿ ಬಂದರೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡಬಹುದು. ದಾವಣಗೆರೆಯ ನಿವೃತ್ತ ಶಿಕ್ಷಕಿ ಕರಿಬಸಮ್ಮ ಅಂಥವರು ವರ್ಷಗಟ್ಟಲೆ ಹೋರಾಡಿದ ವಿಷಯ ಇದು. ಹಕ್ಕು ಬಂತು. ಆದರೆ ಕಾಯಿಲೆಯ ಹೆಸರೇ ಗೊತ್ತಿಲ್ಲದವನು ಆ ಕಾಗದದಲ್ಲಿ ಏನೆಂದು ಬರೆಯಬೇಕು?

ಆಗಬೇಕಾದ್ದು

ಒಂದು, ಜಿಲ್ಲೆಯ ಯಾವ ಆಸ್ಪತ್ರೆಯೇ ಆಗಲಿ, ಯಾರಿಗೆ ಹೇಳಬೇಕು ಎಂದು ಮೊದಲು ರೋಗಿಯನ್ನೇ ಕೇಳಿ, ಅವರ ಉತ್ತರವನ್ನು ಫೈಲಿನಲ್ಲಿ ಬರೆಯಬೇಕು. ಎರಡು, ‘ಪ್ಯಾಲಿಯೇಟಿವ್’ ಎಂದು ಬರೆದ ಪ್ರತಿ ಹಾಳೆಯಲ್ಲೂ ಅದರ ಕೆಳಗೆ ‘ಈ ಚಿಕಿತ್ಸೆ ಕಾಯಿಲೆಯನ್ನು ವಾಸಿ ಮಾಡುವುದಿಲ್ಲ, ತೊಂದರೆ ಕಡಿಮೆ ಮಾಡುತ್ತದೆ’ ಎಂಬ ಕನ್ನಡ ವಾಕ್ಯ ಇರಬೇಕು. ಒಂದು ರಬ್ಬರ್ ಸ್ಟಾಂಪಿನ ಖರ್ಚು ಅದು. ಮೂರು, ಮನೆಗೆ ಕಳಿಸುವಾಗ ನೋವಿನ ಔಷಧಿ ಮತ್ತು ಫೋನ್ ಮಾಡಲು ಒಂದು ನಂಬರ್ ಕೊಟ್ಟು ಕಳಿಸಬೇಕು. ನಾಲ್ಕು, ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಮಾರ್ಫಿನ್ ಮತ್ತು ಅದನ್ನು ಕೊಡಲು ತರಬೇತಾದ ಒಬ್ಬ ಡಾಕ್ಟರು ಇರಬೇಕು.

ನಮ್ಮ ಪತ್ರಿಕೆಗಳಿಗೂ ಒಂದು ಮಾತು. 2025ರ ಜೂನ್, ಜುಲೈನಲ್ಲಿ ಹಾಸನದ ಹೃದಯಾಘಾತದ ಸಾವುಗಳು ರಾಜ್ಯಕ್ಕೇ ಸುದ್ದಿಯಾದವು. ಜನ ಜಯದೇವ ಆಸ್ಪತ್ರೆಗಳ ಮುಂದೆ ಸಾಲು ನಿಂತರು, ಸರ್ಕಾರ ಸಮಿತಿ ಮಾಡಿತು. ತಟ್ಟನೆ ಬಂದ ಸಾವು ಸುದ್ದಿ, ತಿಂಗಳುಗಟ್ಟಲೆ ನರಳಿ ಬಂದ ಸಾವು ಸುದ್ದಿಯಲ್ಲ. ನಿಧನ ವಾರ್ತೆಯಲ್ಲಿ ಅದು ‘ಕೆಲಕಾಲದಿಂದ ಅನಾರೋಗ್ಯದಿಂದ ಬಳಲುತ್ತಿದ್ದ’ ಎಂದಾಗುತ್ತದೆ. ಫೆಬ್ರವರಿ 4 ಬಂದರೆ ‘ಕ್ಯಾನ್ಸರ್ ಗೆದ್ದವರು’ ಎಂದು ಒಂದು ಪುಟ. ಗೆಲ್ಲದವರು ಸೋತವರೇ? ಅವರಿಗೆ ಪುಟವಿಲ್ಲ, ಪದವೂ ಇಲ್ಲ.

ಕೊನೆಗೆ ಮನೆಯವರಿಗೆ. ಡಾಕ್ಟರು ಕರೆದಾಗ ಒಬ್ಬರೇ ಹೋಗಬೇಡಿ, ರೋಗಿಯನ್ನೂ ಕರೆದುಕೊಂಡು ಹೋಗಿ. ಅವರ ಎದುರಲ್ಲೇ ಮೂರು ಪ್ರಶ್ನೆ ಕೇಳಿ: ಇದು ವಾಸಿ ಮಾಡುವ ಚಿಕಿತ್ಸೆಯಾ, ಸಂಕಟ ಕಡಿಮೆ ಮಾಡುವ ಚಿಕಿತ್ಸೆಯಾ? ತಗೊಂಡರೆ ಏನಾಗುತ್ತೆ, ಬಿಟ್ಟರೆ ಏನಾಗುತ್ತೆ? ನೋವಿಗೆ ಏನು ಕೊಡ್ತೀರಿ? ಉತ್ತರ ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಎನ್ನಿ, ಕನ್ನಡದಲ್ಲಿ ಹೇಳಿ ಎನ್ನಿ. ಫೈಲಿನ ಪ್ರತಿ ಕೇಳಿ. ಕೇಳಿದ 72 ಗಂಟೆಯೊಳಗೆ ಕೊಡಬೇಕು ಎಂದು ಅದೇ 2002ರ ನಿಯಮಗಳಲ್ಲಿದೆ.

ಕೋಳಿ ಸಾರು ಆಮೇಲೆ ಮಾಡೋಣ. ಮೊದಲು ನಿಜ ಬಡಿಸಿ.